ಈರಕ್ಕ ಬಿಚ್ಚಿದ ಐದು ಬೆಲ್ಟು

ಧರ್ಮಪುರದ ಈರಬಸಪ್ಪನವರ ಗಿರಣಿಯ ಡೀಸೆಲ್ ಎಂಜಿನ್ನಿಗೆ ಮೈಗಳ್ಳತನ ಹುಟ್ಟುಗುಣವೇನಲ್ಲ, ಜನ ಕಲಿಸಿದ್ದು. ಮೊದಲು ಅದು ಎಳೆಯುತ್ತಿದ್ದದ್ದು ರಾಗಿ ಬೀಸುವ ಕಲ್ಲೊಂದನ್ನೇ. ಆಮೇಲೆ ಕಡ್ಲೆಕಾಯಿ ಸುಲಿಯುವ ಯಂತ್ರ ಬಂತು, ಖಾರ ಕುಟ್ಟುವುದು ಬಂತು, ಯಜಮಾನರ ಮನೆಯ ಎರಡು ಬಲ್ಬಿಗೆಂದು ಡೈನಮೋ ಬಂತು. ಬೆಲ್ಟು ಹಾಕಿದವರುಂಟು, ತೆಗೆದವರಿಲ್ಲ. ಬೆಳಿಗ್ಗೆ ಹ್ಯಾಂಡಲ್ ತಿರುಗಿಸುವವನು ಅಷ್ಟನ್ನೂ ಒಟ್ಟಿಗೇ ಎಳೆಯಬೇಕು. ಎಂಜಿನ್ನು ಗುಡುಗುಡು ಎನ್ನುವಷ್ಟರಲ್ಲಿ ಹೊತ್ತು ಮಾರುದ್ದ ಏರಿರುತ್ತಿತ್ತು.

೧೯೭೪ರ ಆಷಾಢದಲ್ಲಿ ಆ ಹ್ಯಾಂಡಲ್ ಹಿಂದಕ್ಕೆ ಒದ್ದು, ಗಿರಣಿ ನಡೆಸುತ್ತಿದ್ದ ಚಿತ್ತಪ್ಪನ ಬಲಗೈ ಮುರಿಯಿತು. ಕೆಲಸ ಹೋದರೆ ಗಂಡಹೆಂಡಿರು ಬಾಳುತ್ತಿದ್ದ ಗಿರಣಿ ಹಿಂದಿನ ಕೋಣೆಯೂ ಹೋದಂತೆ. ಹೆಂಡತಿ ಈರಕ್ಕ ಸೆರಗು ಬಿಗಿದು ಬಂದಳು.

"ಅವ್ರ ಕೈ ಕೂಡೋ ತಂಕ ನಾನ್ ನಡೆಸ್ತೀನ್ರಿ."

"ಏನವ್ವ, ಇದೂ ಕುರಿ ಕಾಯೋ ಕೆಲ್ಸ ಅಂದ್ಕಂಡ್ಯಾ?" ಎಂದರು ಈರಬಸಪ್ಪ. "ಮೂರು ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹಿರಿಯೂರಿಂದ ಬೇರೆಯವ್ನ ಕರೆಸ್ತೀನಿ."

ಎರಡು ದಿನ ರಟ್ಟೆ ಬಿದ್ದುಹೋಗುವಂತೆ ತಿರುಗಿಸಿದಳು. ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ರಾಗಿ ಹೊತ್ತು ಬಂದ ಹೆಂಗಸರು ಗೊಣಗುತ್ತ ಹಿಂದಿರುಗಿದರು.

ಮೂರನೆಯ ಬೆಳಿಗ್ಗೆ ಅವಳಿಗೆ ತವರಿನ ಕುರಿರೊಪ್ಪ ನೆನಪಾಯಿತು. ಅಲ್ಲಿ ಮರಿಗಳನ್ನು ತಡೆದು ನಿಲ್ಲಿಸಿ, ದೊಡ್ಡ ಕುರಿಗಳನ್ನಷ್ಟೇ ಮೊದಲು ಬಿಡುತ್ತಿದ್ದರು. ಎಲ್ಲ ಒಟ್ಟಿಗೆ ನುಗ್ಗಿದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಈರಕ್ಕ ದೊಡ್ಡವು ನಾಲ್ಕು, ಎಂಜಿನ್ನಿನ ಪಕ್ಕದ ಸಣ್ಣದೊಂದು, ಐದೂ ಬೆಲ್ಟು ಬಿಚ್ಚಿ ಗೋಡೆಗೆ ನೇತುಹಾಕಿದಳು. ಹಗುರಾದ ಎಂಜಿನ್ನು ಮೂರೇ ಸುತ್ತಿಗೆ ಹೊತ್ತಿಕೊಂಡಿತು! ರಾಗಿಕಲ್ಲಿನ ಬೆಲ್ಟನ್ನು ಮಾತ್ರ ಕೋಲಿನಿಂದ ಚಕ್ರಕ್ಕೇರಿಸಿದಳು. ಹಿಟ್ಟು ಸುರಿಯಿತು.

ಅರ್ಧ ಗಂಟೆಯಲ್ಲಿ ಎಂಜಿನ್ನು ಕಾದು ಬುಸುಗುಟ್ಟತೊಡಗಿತು. ಹಬೆ ಕಂಡ ಈರಬಸಪ್ಪ ಪಂಚೆ ಎತ್ತಿಕೊಂಡು ಓಡಿಬಂದರು. ಕೈಗೆ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ ಚಿತ್ತಪ್ಪ ಕೋಣೆಯಿಂದಲೇ ಕೂಗಿದ: "ಲೇ, ಆ ಸಣ್ಣ ಬೆಲ್ಟೆಲ್ಲೇ? ಎಂಜಿನ್ನಿಗೆ ನೀರು ತರೋದೇ ಅದು!"

ಈರಕ್ಕ ಎಂಜಿನ್ನು ನಿಲ್ಲಿಸಿ, ಆರಲು ಬಿಟ್ಟು, ಸಣ್ಣ ಬೆಲ್ಟೊಂದನ್ನೇ ಹಾಕಿ ಯಜಮಾನರ ಎದುರಿಗೇ ಮತ್ತೆ ತಿರುಗಿಸಿದಳು. ನಾಲ್ಕನೆಯ ಸುತ್ತಿಗೆ ಅದು ಎದ್ದಿತು.

"ಇದನ್ನ ಮರಿ ಅಂದ್ಕಂಡು ತಡೆದಿದ್ದೆ ಕಣ್ರಿ. ತಾಯಿಕುರಿ ಐತೆ ಇದು."

ಈರಬಸಪ್ಪನವರು ಎತ್ತಿ ಹಿಡಿದಿದ್ದ ಪಂಚೆ ಇಳಿಬಿಟ್ಟರು. "ನಮ್ಮನೆ ಬಲ್ಬಿನ ಬೆಲ್ಟು ಸಂಜೆಗೆ ಹಾಕಿದ್ರೆ ಸಾಕು ಬಿಡವ್ವ," ಎಂದು ಹೊರಟರು. ಹಿರಿಯೂರಿಗೆ ಹೇಳಿಕಳಿಸಲಿಲ್ಲ.

ಆಯುಧಪೂಜೆಯ ಹೊತ್ತಿಗೆ ಚಿತ್ತಪ್ಪನ ಕೈ ಕೂಡಿತ್ತು. ಅಂದು ಹ್ಯಾಂಡಲಿಗೆ ಕುಂಕುಮವಿಟ್ಟು ಮೊದಲ ಸುತ್ತು ತಿರುಗಿಸಿದವರೇ ಆ ವರ್ಷ ಗಿರಣಿ ನಡೆಸುವವರು ಎಂಬುದು ಅಲ್ಲಿನ ಪದ್ಧತಿ. ಈರಬಸಪ್ಪನವರು ಹ್ಯಾಂಡಲನ್ನು ಚಿತ್ತಪ್ಪನಿಗೆ ಕೊಟ್ಟರು. ಈರಕ್ಕ ತಾನಾಗಿಯೇ ಬಾಗಿಲಿಗೆ ಸರಿದು ನಿಂತಳು. ಅವಳಿಗೆ ಸಂಕಟವಾಗಿತ್ತು, ತೋರಿಸಿಕೊಳ್ಳಲಿಲ್ಲ.

ಚಿತ್ತಪ್ಪ ಹ್ಯಾಂಡಲನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಬಾಗಿಲ ತನಕ ನಡೆದು ಅವಳ ಕೈಗಿಟ್ಟ.

"ನಾನು ಕಲ್ಲಿನ ಹತ್ರ ಇರ್ತೀನಿ. ಈ ಎಂಜಿನ್ನು ನಿನ್ ಮಾತು ಕೇಳ್ತೈತೆ."

ಕಣ್ಣು ಮಂಜಾಗಿದ್ದರೂ ಅವಳು ಬೆಲ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಸಣ್ಣದೊಂದನ್ನು ಮಾತ್ರ ಚಕ್ರದಲ್ಲೇ ಬಿಟ್ಟಳು.