ಕಾಕಾನ ತೊಲೆಗೆ ಬಂದ ಭುಂಗಾ

ನಿನ್ನೆ ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಗೆ ಬಡಗಿ ಬಂದಿದ್ದ. ಮಳೆಗೆ ಉಬ್ಬಿದ್ದ ಬಾಗಿಲನ್ನು ಸರಿಮಾಡಿ ಹೋದಮೇಲೆ ಹೊಸ್ತಿಲ ಬಳಿ ಒಂದು ಹಿಡಿ ಕಟ್ಟಿಗೆಯ ಹುಡಿ ಉಳಿಯಿತು. ಹೆಂಡತಿ ಪೊರಕೆಯನ್ನು ನನ್ನ ಕೈಗಿತ್ತಳು. ನಾನೋ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸಾಗವಾನಿಯ ವಾಸನೆ ಮೂಸುತ್ತ ಒಬ್ಬನೇ ನಗತೊಡಗಿದೆ. ಕಟ್ಟಿಗೆಯ ಹುಡಿ ನೋಡಿ ನಗುವ ಗಂಡನನ್ನು ಕಂಡರೆ ಯಾವ ಹೆಂಡತಿಗೆ ನೆಮ್ಮದಿ ಇದ್ದೀತು, ನೀವೇ ಹೇಳಿ. ಆದರೆ ಅಂಥದೇ ಹುಡಿ ಒಂದು ಕಾಲಕ್ಕೆ ನಮ್ಮ ಕಾಕಾ ಕಾಕೂ ನಡುವೆ ಮಾತು ನಿಲ್ಲಿಸಿತ್ತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕಾಕೂ ಅವರ ಹೆಂಡತಿ. ಕಾಕಾ ವಿಜಯಪುರದ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು ಬಿಬವೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಚಾಕಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನಾನು ಇಳಿದುಕೊಂಡದ್ದು ಅವರ ಮನೆಯಲ್ಲೇ. ಆ ಹೊತ್ತಿಗೆ ಅವರು ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಕಾಕೂನ ಹಟಕ್ಕೆ ಸಾಸವಡದ ದಾರಿಯಲ್ಲಿ ಒಂದು ತುಂಡು ಹೊಲ ಕೊಂಡಿದ್ದರು. ವಿಷದ ಔಷಧ ಹೊಡೆಯದೆ ಬದನೆ ಬೆಳೆಯಬೇಕು, ಊರಿನ ರುಚಿಯ ಎಣ್ಣೆಗಾಯಿ ಮಾಡಬೇಕು, ಇದು ಕಾಕೂನ ಆಸೆ. ಕಾಕಾಗೆ ಮಾತ್ರ ಹೊಲಕ್ಕಿಂತ ಅಲ್ಲಿ ತಾವು ಕಟ್ಟಿಸಿದ ಗುಡಿಸಲಿನ ಮೇಲೆ ಪ್ರೀತಿ. ಅದರಲ್ಲೂ ಹಳೇ ಕಾಲದ ದೊಡ್ಡ ವಾಡೆ ಮನೆಯೊಂದನ್ನು ಕೆಡವಿದಾಗ ಹುಡುಕಿ ತಂದ ಸಾಗವಾನಿ ತೊಲೆಯ ಮೇಲೆ. ಬಂದವರಿಗೆ ಚಹಾಕ್ಕಿಂತ ಮೊದಲು ತೊಲೆ ತೋರಿಸುತ್ತಿದ್ದರು.

ಮೊದಲ ಸಲ ಬದನೆ ಗಿಡದ ತುಂಬ ನೇರಳೆ ಹೂ ಬಿಟ್ಟವು, ಬಾಡಿ ಉದುರಿದವು. ಕಾಯಿ ಕಟ್ಟಿದ್ದು ಅಲ್ಲೊಂದು ಇಲ್ಲೊಂದು. ಹೊಲದ ಹಿಂದಿನ ಮಾಲೀಕರು ಬದುವನ್ನೆಲ್ಲ ಔಷಧ ಹೊಡೆದು ಬೋಳಾಗಿಸಿದ್ದರಿಂದ ಅತ್ತ ಒಂದು ಹುಳವೂ ಸುಳಿಯುತ್ತಿರಲಿಲ್ಲ.

“ಇನ್ನೊಮ್ಮೆ ಹಿಂಗಾತಂದ್ರ ಹೊಲಾ ಬ್ಯಾರೇದವ್ರಿಗೆ ಕೊಟ್ಟು ಮನೀಗೆ ನಡಿಯೂಣು,” ಎಂದರು ಕಾಕಾ.

“ಬದನಿ ಹೂವಿನ ಹುಡಿ ಗಟ್ಟಿ ಮುಚ್ಕೊಂಡಿರ್ತದರೀ,” ಎಂದರು ಕಾಕೂ. “ಭುಂಗಾ ಬಂದು ಅಪ್ಪಿ ಹಿಡ್ದು ಗುಂಯ್ ಅಂತ ನಡುಗಿಸಿದ್ರ ಉದುರತದ. ಅವು ಬರೂಹಂಗ ನಾವು ಏನರೆ ಮಾಡಬೇಕು.”

ಭುಂಗಾ ಅಂದರೆ ದಪ್ಪ ಕರಿ ದುಂಬಿ. ಕಾಕೂ ಅದಕ್ಕಾಗಿ ಬದುವಿನುದ್ದಕ್ಕೂ ತೊಗರಿ, ಸೆಣಬು ಬಿತ್ತಿದರು. ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಟ್ಟರು. ಆ ಹೂವಿಗೆ ಕೆಂಪು ಬೆನ್ನಿನ ಗುಲಗಂಜಿ ಹುಳಗಳು ಬಂದವು, ಬದನೆ ಎಲೆಯ ಹೇನು ತಿಂದು ದುಂಡಗಾದವು. ಸೆಣಬು ಹಳದಿ ಹೂ ಬಿಟ್ಟಾಗ ಭುಂಗಾಗಳೂ ಬಂದವು. ಮೊದಲನೆಯದು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಸುರಕ್ಷತೆಯ ಪಾಠ ಹೇಳುವ ನಾನು ನೀರಿನ ಕೊಡ ಎಸೆದು ಗುಡಿಸಲು ಹೊಕ್ಕೆ.

ನನ್ನ ಹಿಂದೆಯೇ ಅವೂ ಹೊಕ್ಕವು. ಬಂದ ಅತಿಥಿಗಳಿಗೆ ಮನೆ ಬೇಕಲ್ಲ? ಮುಂದಿನ ಭಾನುವಾರ ಹೋದಾಗ ಗುಡಿಸಲಿನ ನೆಲದ ಮೇಲೆ ಕಟ್ಟಿಗೆಯ ಹಳದಿ ಹುಡಿಯ ಗುಪ್ಪೆ, ಮೇಲೆ ತೊಲೆಯಲ್ಲಿ ಬೆರಳು ತೂರುವಷ್ಟು ದುಂಡನೆಯ ತೂತು. ಕಾಕಾ ಡಾಂಬರಿನ ಡಬ್ಬಿ ಹಿಡಿದು ನಿಚ್ಚಣಿಕೆ ಹತ್ತಿದ್ದರು.

“ತೂತು ಮುಚ್ಚಿದ್ರ ನಾ ಈ ಹೊಲಕ್ಕ ಕಾಲಿಡೂದಿಲ್ಲ,” ಎಂದರು ಕಾಕೂ, ಕೆಳಗೆ ನಿಚ್ಚಣಿಕೆ ಹಿಡಿದುಕೊಂಡೇ. “ನಿಮ್ಮ ತೊಲಿ ನೋಡ್ಕೋತ ಒಬ್ರೇ ಕೂಡ್ರಿ.”

ಕಾಕಾ ಇಳಿದರು. ಡಬ್ಬಿ ಮೂಲೆ ಸೇರಿತು, ಅದರ ಜೊತೆ ಇಬ್ಬರ ಮಾತೂ ಮೂಲೆ ಸೇರಿತು. ಆಮೇಲೆ ಸಂಸಾರ ನಡೆದದ್ದು ನನ್ನ ಮೂಲಕ. “ನಿಮ್ಮ ಕಾಕೂಗ ಕೇಳು, ಚಹಾ ಆತೇನಂತ,” ಎನ್ನುವರು ಇವರು. “ಆಗೇದಂತ ಹೇಳು,” ಎನ್ನುವರು ಎರಡು ಮಾರು ದೂರದಲ್ಲಿದ್ದ ಅವರು. ಹೇಳುವುದನ್ನೆಲ್ಲ ನಿಷ್ಠೆಯಿಂದ ಹೇಳಿ, ನನ್ನ ಚಹಾ ನಾನು ಆರಿಹೋದಮೇಲೆ ಕುಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಕಾಕಾ ಕೈಸನ್ನೆಯಿಂದ ನನ್ನನ್ನು ಕರೆದರು. ಬದನೆ ಹೂವೊಂದಕ್ಕೆ ಭುಂಗಾ ಜೋತುಬಿದ್ದಿತ್ತು. ಅದರ ಭಾರಕ್ಕೆ ಹೂ ಬಾಗಿ, ಗುಂಯ್‌ಗುಡುತ್ತ ನಡುಗುತ್ತಿತ್ತು. ಪಕ್ಕದ ಗಿಡಗಳಲ್ಲಿ ತೊಟ್ಟಿನ ಟೊಪ್ಪಿಗೆಯೊಳಗಿಂದ ಎಳೆಗಾಯಿಗಳು ಆಗಲೇ ಇಣುಕುತ್ತಿದ್ದವು. ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ಒಣ ಬಿದಿರು ಹುಡುಕಿ, ತುಂಡು ಮಾಡಿ, ಸೂರಿನ ಕೆಳಗೆ ಸಾಲಾಗಿ ಕಟ್ಟತೊಡಗಿದರು.

“ತೊಲ್ಯಾಗ ಇದ್ದವು ಇರ್ಲಿ, ಸಂಸಾರ ಹೂಡ್ಯಾವ,” ಎಂದರು. “ಇನ್ನ ಬರೂವಕ್ಕ ಇಲ್ಲಿ ಮನಿ.”

ಮೊದಲ ಕೊಯ್ಲಿನ ದಿನ ಗುಡಿಸಲಿನಲ್ಲೇ ಊಟ. ಎಣ್ಣೆಗಾಯಿ, ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಮೊದಲ ತುತ್ತಿಗೆ ಕಾಕಾ ಕಣ್ಣು ಮುಚ್ಚಿದರು. ನಾನು ಸಂದೇಶ ಒಯ್ಯಲು ಸಿದ್ಧನಾಗಿ ಕೂತಿದ್ದೆ.

“ಇನ್ನೊಂದು ರೊಟ್ಟಿ ಹಾಕು,” ಎಂದರು ಕಾಕಾ, ನೇರ ಕಾಕೂಗೆ.

ಕಾಕೂ ಎರಡು ಹಾಕಿದರು. ನನ್ನ ನೌಕರಿ ಹೋಯಿತು.

ಇದನ್ನೆಲ್ಲ ನಿನ್ನೆ ಹೇಳಿ ಮುಗಿಸಿದಾಗ ಹೆಂಡತಿ “ಹುಂ” ಎಂದಳು, ಅಷ್ಟೇ. ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ತುಳಸಿಯ ಕದಿರು ಚಿವುಟಲು ಹೋದವಳು ಕೈಯನ್ನು ಅಲ್ಲೇ ನಿಲ್ಲಿಸಿದಳು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿದ್ದ ಪುಟ್ಟ ಜೇನೊಂದು ಹೂವಿಂದ ಹೂವಿಗೆ ಓಡಾಡುತ್ತಿತ್ತು. ಅದರ ಹೆಸರು, ಕುಲ, ಗೋತ್ರ ಹೇಳೋಣವೆಂದು ನಾನು ಬಾಯಿ ತೆರೆದೆ.

“ಸುಮ್ನ ನಿಂದರ್ರಿ,” ಎಂದಳು ಮೆಲ್ಲಗೆ. “ಅದರ ಕೆಲಸ ಮುಗೀಲಿ.”