ಜೋಡ ಹಚ್ಚಿದ ಕೈ

ನಮ್ಮ ಮಾಮಾನ ಬಲಗೈ ಪೂರ್ತಿ ತೆರೆದದ್ದನ್ನು ನಾನು ನೋಡಿದ್ದೇ ಇಲ್ಲ. ಎತ್ತಿನ ಮೈ ತೀಡುವಾಗ, ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾದಾಗ, ನಿದ್ದೆಯಲ್ಲಿ ಕೂಡ ಅದರ ಬೆರಳು ಅರ್ಧ ಬಾಗಿಯೇ ಇರುತ್ತಿದ್ದವು. ನಡುವೆ ಒಂದು ಮುಂಗೈ ಹಿಡಿಸುವಷ್ಟು ಜಾಗ. ಹೆಬ್ಬೆರಳಿನ ಒಳಮೈ ಮಾತ್ರ ತಿಕ್ಕಿ ತಿಕ್ಕಿ ನುಣುಪಾಗಿ ಒಳಕಲ್ಲಿನ ಗುಂಡಿನ ಹಾಗೆ ಹೊಳೆಯುತ್ತಿತ್ತು. ಯಾರದೋ ಕೈ ಹಿಡಿದುಕೊಂಡೇ ಮಲಗಿದ್ದಾನೆ ಅನ್ನಿಸುತ್ತಿತ್ತು ನನಗೆ.

ಮಾಮಾ ಅಂದರೆ ನಮ್ಮ ಅವ್ವನ ಅಣ್ಣ, ಬೈಲಹೊಂಗಲದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ. ಹರೆಯದಲ್ಲಿ ತಾನೂ ಕುಸ್ತಿ ಹಿಡಿದವನೇ. ಆದರೆ ಅವನ ಹೆಸರು ಕಿತ್ತೂರು, ಸವದತ್ತಿ, ರಾಮದುರ್ಗದ ತನಕ ಹೋಗಿದ್ದು ಬೇರೆ ಕಾರಣಕ್ಕೆ. ಅವನು ಜೋಡ ಹಚ್ಚುತ್ತಿದ್ದ. ಆಗ ನಮ್ಮ ಕಡೆ ಪೈಲವಾನರನ್ನು ತೂಗಿ ನೋಡುವ ಪದ್ಧತಿ ಇರಲಿಲ್ಲ. ಯಾರ ಮೇಲೆ ಯಾರನ್ನು ಬಿಡಬೇಕೆಂದು ಒಬ್ಬ ಹಿರಿಯ ಕಣದಲ್ಲಿ ನಿಂತು ಹೇಳಬೇಕು. ಮಾಮಾ ಬಲಗೈಯಿಂದ ಒಬ್ಬನ ಮುಂಗೈ, ಎಡಗೈಯಿಂದ ಇನ್ನೊಬ್ಬನ ಮುಂಗೈ ಹಿಡಿದು, ಕಣ್ಣು ಮುಚ್ಚಿ, ತುಂಬಿದ ಕೊಡ ಎತ್ತಿ ನೋಡುವ ಹಾಗೆ ತುಸು ಮೇಲೆತ್ತುತ್ತಿದ್ದ. ಆಮೇಲೆ ಇಬ್ಬರನ್ನೂ ಕೇಳುತ್ತಿದ್ದ: “ಜೋಡ ಸರಿ ಐತೇನ್ರಪಾ?”

ಇಬ್ಬರೂ ಬಾಯಿ ಬಿಟ್ಟು “ಸರಿ ಐತಿ” ಅನ್ನಬೇಕು. ಅನ್ನುವ ತನಕ ಅವನು ಕೈ ಬಿಡುತ್ತಿರಲಿಲ್ಲ. ಒಬ್ಬ ತಡವರಿಸಿದರೂ ಆ ಜೋಡ ಮುರಿದು ಬೇರೆಯವನನ್ನು ಹುಡುಕುತ್ತಿದ್ದ.

“ಜೋಡ ಸರಿ ಇದ್ರ ಬಿದ್ದಾವನೂ ನಕ್ಕೋತ ಮನಿಗೆ ಹೋಗತಾನ” ಅನ್ನುವುದು ಅವನ ಮಾತು. ‘ಸೋತಾವ’ ಅನ್ನುವ ಶಬ್ದ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಕುಸ್ತಿ ಮುಗಿದ ಮೇಲೆ ಗೆದ್ದವನನ್ನೂ ಬಿದ್ದವನನ್ನೂ ಮನೆಗೆ ಕರೆತಂದು ಒಂದೇ ಗಂಗಾಳದಲ್ಲಿ ಉಣ್ಣಲು ಕೂಡಿಸುತ್ತಿದ್ದ.

ಈ ಚಾಳಿ ಗರಡಿಮನೆಯಲ್ಲೇ ಉಳಿಯುತ್ತಿರಲಿಲ್ಲ. ನೀರು ತಂದ ನಮ್ಮನ್ನು ನಿಲ್ಲಿಸಿ ಎರಡೂ ಕೊಡ ಎತ್ತಿ ನೋಡುವನು. ಬುಟ್ಟಿಯೊಳಗಿನ ರೊಟ್ಟಿಯನ್ನು ಕೈಗೊಂದು ಹಿಡಿದು, “ಇದು ಜೋಡ ಆಗಲಿಲ್ಲ ನೋಡವ್ವಾ” ಅನ್ನುವನು. ನಮ್ಮವ್ವ ಒಲೆಯ ಮುಂದಿನಿಂದಲೇ, “ರೊಟ್ಟಿಗೂ ಕುಸ್ತಿ ಹಚ್ಚತೀಯೇನೋ ಅಣ್ಣಾ? ಸುಮ್ಮನ ಉಣ್ಣ” ಎಂದು ಗದರಿಸುವಳು.

ನನ್ನ ತಂದೆ ಬೆಳಗಾವಿಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅವರ ಹಟದಿಂದ ನಾನು ಅಲ್ಲಿಯ ಕಾನ್ವೆಂಟಿಗೆ ಹೋದೆ. ರಜೆ ಬಂದೊಡನೆ ಅವ್ವ ನನ್ನನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಬರುವಳು. ಅತ್ತೆ ಪ್ಲೇಗಿನಲ್ಲಿ ಹೋಗಿಬಿಟ್ಟಿದ್ದಳು. ಆ ಮನೆಯಲ್ಲಿ ಮಾಮಾ ಮತ್ತು ಅವನ ಒಬ್ಬನೇ ಮಗ. ನಾನು ತೊಟ್ಟಿಲಲ್ಲಿ ಇದ್ದಾಗಲೇ ಮಾತು ಆಗಿತ್ತು, ಮಾಮಾನ ಮಗನಿಗೇ ನನ್ನನ್ನು ಕೊಡುವುದೆಂದು. ನೆರೆಮನೆಯ ಹೆಂಗಸರು ಅವನು ಓಣಿಯಲ್ಲಿ ಬರುವುದು ಕಂಡರೆ ಸಾಕು, “ಏ, ನಿನ್ನ ಗಂಡ ಬಂದ, ಸೆರಗ ಹೊಚಗೋ!” ಎಂದು ಕೂಗುತ್ತಿದ್ದರು. ಆಗ ನಾನು ಪರಕಾರ ಉಡುತ್ತಿದ್ದೆ. ಸೆರಗೇ ಇರಲಿಲ್ಲ.

ದೊಡ್ಡ ಹೆಣ್ಣುಮಕ್ಕಳು ಗರಡಿಮನೆಯೊಳಗೆ ಹೋಗುವಂತಿರಲಿಲ್ಲ. ಸಣ್ಣವಳೆಂದು ನನ್ನನ್ನು ಬಿಡುತ್ತಿದ್ದರು. ಬೆಳಗ್ಗೆ ಮಜ್ಜಿಗೆಯ ಗಡಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಬಾಗಿಲು ಎಷ್ಟು ಗಿಡ್ಡದೆಂದರೆ ಎಂಥ ಪೈಲವಾನನೂ ತಲೆ ಬಾಗಿಸಿಯೇ ಒಳಗೆ ಬರಬೇಕು. ಒಳಗಿನ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಹಾಕಿ ಮಾಮಾ ಗುದ್ದಲಿಯಿಂದ ತಿರುವುತ್ತಿದ್ದ. ಈಗಲೂ ಮಜ್ಜಿಗೆಗೆ ಅರಿಷಿಣದ ಒಗ್ಗರಣೆ ಕೊಟ್ಟ ಕೂಡಲೇ ಆ ಗಿಡ್ಡ ಬಾಗಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಸೌಟು ಹಿಡಿದ ಕೈ ಹಾಗೆಯೇ ನಿಂತುಬಿಡುತ್ತದೆ.

ಅಲ್ಲಿ ಅವನು ನನಗೂ ಒಂದು ಪಟ್ಟು ಕಲಿಸಿದ್ದ. ನನ್ನ ಮುಂಗೈ ಹಿಡಿದು, “ಬಿಡಿಸ್ಕೋ ನೋಡೂಣು” ಅಂದ. ನಾನು ಹಿಂದಕ್ಕೆ ಜಗ್ಗಿದೆ.

“ಜಗ್ಗಬ್ಯಾಡವ್ವಾ. ಜಗ್ಗಿದ್ರ ಹಿಡತ ಬಿಗೀತೈತಿ. ಹಿಡದಾವನ ಹೆಬ್ಬೆಟ್ಟು ಬೆರಳಿಗೆ ಎಲ್ಲಿ ಕೂಡತೈತಿ ನೋಡ. ಅಲ್ಲೇ ಬಾಗಲಾ. ಆ ಕಡೆ ತಿರುವು.”

ತಿರುವಿದೆ. ಕೈ ಹೊರಗೆ ಬಂತು. ಮುಂದೆ ಕಾನ್ವೆಂಟಿನಲ್ಲಿ ಒಬ್ಬ ದೊಡ್ಡ ಹುಡುಗಿ ನನ್ನ ಪಾಟಿ ಕಸಿಯಲು ಕೈ ಹಿಡಿದಾಗ ಹಾಗೆಯೇ ತಿರುವಿದೆ. ಅವಳು ನೆಲಕ್ಕೆ ಕುಕ್ಕರಿಸಿದಳು. ಸಿಸ್ಟರ್ ನನ್ನನ್ನು ಬಾವಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ರಜೆಯಲ್ಲಿ ಇದನ್ನು ಹೇಳಿದಾಗ ಮಾಮಾ ನಗಲಿಲ್ಲ. “ಆಕೀ ಮೈ ನಿನ್ನಕಿಂತ ದೊಡ್ಡದಿತ್ತೋ ಸಣ್ಣದೋ?” ಎಂದು ಮೊದಲು ಕೇಳಿದ. ದೊಡ್ಡದೆಂದ ಮೇಲೆ ಬೆಲ್ಲ ಕೊಟ್ಟ.

ಒಂದು ಸಲ ನಾನೂ ಅವನ ಮಗನೂ ಪೇರಲಹಣ್ಣಿಗೆ ಜಗಳಾಡಿದೆವು. ಮಾಮಾ ಬಂದು ಬಲಗೈಯಲ್ಲಿ ನನ್ನ ಮುಂಗೈ, ಎಡಗೈಯಲ್ಲಿ ಅವನದು ಹಿಡಿದು ಎತ್ತಿ, “ಜೋಡ ಸರಿ ಐತೇನ್ರಪಾ?” ಅಂದ.

“ಇಲ್ಲಪ್ಪಾ, ಈಕಿ ಚೂಟತಾಳ!”

“ಇವ ಜಡಿ ಜಗ್ಗತಾನ, ಮಾಮಾ!”

“ಹಂಗಾರ ಬಿಡೂದಿಲ್ಲ.” ನಮ್ಮಿಬ್ಬರನ್ನೂ ಹಾಗೇ ಹಿಡಿದುಕೊಂಡು ಅಂಗಳದಲ್ಲಿ ತಿರುಗಿದ, ದನಗಳಿಗೆ ತೋರಿಸಿದ, ಓಣಿಯಲ್ಲಿ ಹೋಗುವವರನ್ನು ಮಾತಾಡಿಸಿದ. ನಕ್ಕು ನಕ್ಕು ನಮಗೆ ನಿಲ್ಲಲಾಗಲಿಲ್ಲ. ಕಡೆಗೆ ಹುಡುಗ ಮೊದಲು “ಸರಿ ಐತಿ” ಅಂದ. ಆಮೇಲೆ ನಾನೂ ಅಂದೆ. ಮಾಮಾ ಕೈ ಬಿಟ್ಟ.

ಆ ಹುಡುಗ ಬೆಳೆದು ಪೈಲವಾನನಾದ. ಎತ್ತರ, ತೆಳ್ಳಗೆ, ಚುರುಕು. ನನ್ನ ಮುಂದೆ ಮಾತ್ರ ಬಾಯಿ ಸತ್ತವನು. ನಾನು ಪಡಸಾಲೆಗೆ ಬಂದರೆ ಎದ್ದು ಹೋಗಿ, ಹೋಗುವ ಮುಂಚೆ ಕಿಟಕಿಯ ಮೇಲೆ ಒಂದು ಪೇರಲಹಣ್ಣು ಇಟ್ಟು ಹೋಗುತ್ತಿದ್ದ. ಮದುವೆ ಬರುವ ಬೇಸಿಗೆಗೆ ಎಂದು ಹಿರಿಯರು ಮಾತಾಡಿಕೊಂಡಿದ್ದರು.

ಅವನು ಕುಸ್ತಿ ಮೇಲೆ ಕುಸ್ತಿ ಗೆಲ್ಲುತ್ತ ಹೋದ ಹಾಗೆ ಊರಲ್ಲಿ ಮಾತು ಹುಟ್ಟಿತು. ಜೋಡ ಹಚ್ಚುವವನು ಅಪ್ಪ, ಗೆಲ್ಲುವವನು ಮಗ. ಕಟ್ಟೆಯ ಮೇಲೆ ಕೂತ ಕಿತ್ತೂರಿನವನೊಬ್ಬ ಮಾಮಾ ಹಾದುಹೋಗುವಾಗ ಬೇಕೆಂದೇ ಗಟ್ಟಿಯಾಗಿ, “ಮಗನ ಕೈ ಹಿಡಿಯೂ ಮುಂದ ವಸ್ತಾದನ ಬೆರಳು ಬೆಣ್ಣಿ ಆಗತಾವಂತ್ರೋ!” ಅಂದ. ಸುತ್ತಲಿನವರು ನಕ್ಕರು. ಅವತ್ತು ಮಾಮಾ ಉಣ್ಣುವಾಗ ರೊಟ್ಟಿ ಎತ್ತಿ ನೋಡಲಿಲ್ಲ. ಅವ್ವ ಎರಡು ಸಲ ಅವನ ಮುಖ ನೋಡಿದಳು.

ಆ ವರ್ಷ ಹೋಳಿ ಹುಣ್ಣಿಮೆ ದಾಟಿದ ಮೇಲೆ ಅರಳೆ ಪೇಟೆಯ ಬಯಲಲ್ಲಿ ದೊಡ್ಡ ಕುಸ್ತಿ ಇಟ್ಟರು. ಕಡೆಯ ಕುಸ್ತಿಗೆ ಬೆಳ್ಳಿ ಕಡಗ ಮತ್ತು ಒಂದು ಕೇಸರಿ ಪಟಕಾ. ಪಟಕಾದ ಅಂಚು ಹೊಲಿಯಲು ಮಾಮಾ ನನಗೇ ಕೊಟ್ಟ. “ನಿಮ್ಮ ಸಿಸ್ಟರ್‌ಬಾಯಾರು ಕಲಿಸಿದ ಸಣ್ಣ ಹೊಲಿಗಿ ಹಾಕವ್ವಾ.” ಅಂಚು ಮಡಚಿ, ಎರಡೆಳೆ ಬಿಟ್ಟು ಎರಡೆಳೆ ಹಿಡಿದು, ಹೊಲಿಗೆ ಹೊರಗೆ ಕಾಣದ ಹಾಗೆ ಹಾಕಿದೆ. ಯಾರ ತಲೆಗೆಂದು ಹೊಲಿದೆನೋ ಅದನ್ನು ಹೇಳಬೇಕಾಗಿಲ್ಲ.

ಹೆಂಗಸರೆಲ್ಲ ಅರಳೆ ವ್ಯಾಪಾರಿಯೊಬ್ಬರ ಮನೆಯ ಮಾಳಿಗೆ ಹತ್ತಿ ನೋಡುತ್ತಿದ್ದೆವು. ಕಡೆಗೆ ರಾಮದುರ್ಗದ ಪೈಲವಾನ ಕಣಕ್ಕಿಳಿದ. ಹಿಂದಿನ ದಿನ ನಮ್ಮ ಮನೆಯಲ್ಲೇ ಉಂಡಿದ್ದ. ಮೆತ್ತಗೆ ಮಾತಾಡುವವನು. ಕೂತರೆ ಪಡಸಾಲೆ ಸಣ್ಣದಾಗುವಂಥ ಮೈ. ಒಂದು ಸುತ್ತು ಹಾಕಿದ, ಎರಡು ಹಾಕಿದ. ಅವನ ಜೋಡಿಗೆ ಯಾರೂ ಏಳಲಿಲ್ಲ. ಆಗ ಗುಂಪಿನಿಂದ ಅದೇ ಕಿತ್ತೂರಿನವನ ದನಿ ಬಂತು: “ವಸ್ತಾದರ, ಈಗ ಹಚ್ರಿ ನೋಡೂಣು ನಿಮ್ಮ ಮಗನ್ನ! ಇಲ್ಲಾ ಬೆಣ್ಣಿ ಕರಗತೈತೋ?”

ಬಯಲೆಲ್ಲ ನಕ್ಕಿತು. ಮಾಮಾ ಮಗನನ್ನು ಕರೆದ.

ಇಬ್ಬರ ಮುಂಗೈ ಹಿಡಿದು ಎತ್ತಿದ. ಮಾಳಿಗೆಯ ಮೇಲಿಂದ ನನಗೆ ಅವನ ಬೆನ್ನು, ಎರಡು ಕೈ ಮತ್ತು ಆ ಹುಡುಗನ ಮುಖ ಕಾಣುತ್ತಿತ್ತು. ಬೇರೆ ಸಲಕ್ಕಿಂತ ಬಹಳ ಹೊತ್ತು ಹಿಡಿದುಕೊಂಡೇ ನಿಂತ. ಆಮೇಲೆ ಕೇಳಿದ. ಹುಡುಗ ಒಮ್ಮೆ ಅಪ್ಪನ ಮುಖ ನೋಡಿ, ಎದುರಾಳಿಗಿಂತ ಮೊದಲೇ, ಎಲ್ಲರಿಗೂ ಕೇಳುವ ಹಾಗೆ ಅಂದ: “ಸರಿ ಐತಿ.”

ಕುಸ್ತಿ ಬಹಳ ಹೊತ್ತು ನಡೆಯಿತು. ರಾಮದುರ್ಗದವನು ಅವನನ್ನು ಕೆಳಗೆ ಹಾಕಿದಾಗ ಬೆನ್ನು ಮಣ್ಣಿಗೆ ತಾಗಬಾರದೆಂದು ಹುಡುಗ ನೆತ್ತಿ ಊರಿ ಕತ್ತಿನ ಮೇಲೆ ಮೈ ಎತ್ತಿದ. ಮೇಲೆ ಆ ಭಾರ. ಕಣದ ಬದಿ ಬಾರಿಸುತ್ತಿದ್ದ ಹಲಗೆಯ ಬಡಿತ ಫಕ್ಕನೆ ನಿಂತಿತು. ನನಗೆ ಏನೂ ಕೇಳಿಸಲಿಲ್ಲ. ಕೆಳಗೆ ಹತ್ತಿರ ಇದ್ದವರು ಕತ್ತು ಮುರಿದ ಸದ್ದು ಕೇಳಿದೆವೆಂದು ಹೇಳುತ್ತಾರೆ.

ಗೆದ್ದವನು ಅಂಜಿ ಎದ್ದು ನಿಂತ. ಹುಡುಗ ಏಳಲಿಲ್ಲ. ನಮ್ಮೂರವರು ಬಡಿಗೆ ಹಿಡಿದು ಕಣಕ್ಕೆ ನುಗ್ಗಿದರು. ಮಾಮಾ ಮಗನ ಪಕ್ಕದಿಂದ ಎದ್ದು, ಹೋಗಿ, ರಾಮದುರ್ಗದವನ ಮುಂಗೈ ಹಿಡಿದು ಮೇಲೆತ್ತಿದ. ಗೆದ್ದವನ ಕೈ ಎತ್ತುವುದು ರೀತಿ.

“ಕುಸ್ತಿ ಚಲೋ ಆಗೇತಿ,” ಅಂದ. “ಇವನ ಮೈ ಯಾರೂ ಮುಟ್ಟಬ್ಯಾಡ್ರಿ. ಇವಂದೇನೂ ತಪ್ಪಿಲ್ಲ. ಜೋಡ ಹಚ್ಚಿದಾವ ನಾನು.”

ಹೊತ್ತು ತಂದ ಹುಡುಗನ ಜೀವ ಮನೆಯ ಹೊಸ್ತಿಲು ದಾಟುವುದಕ್ಕೆ ಮೊದಲೇ ಹೋಗಿತ್ತು. ನಮ್ಮಲ್ಲಿ ಹೆಣವನ್ನು ಕೂಡಿಸುತ್ತಾರೆ. ಗೋಡೆಗೆ ಆನಿಸಿ ಕೂಡಿಸಿದರೆ ಕತ್ತು ನಿಲ್ಲಲೊಲ್ಲದು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಬಾಗಿಲ ಹೊರಗೆ ನಿಂತು ಅಳುತ್ತಿದ್ದ ರಾಮದುರ್ಗದವನು ತನಗೆ ಬಂದ ಪಟಕಾ ಬಿಚ್ಚಿ ಕೊಟ್ಟ. ಮಾಮಾ ಅದನ್ನು ಮಗನ ಕತ್ತಿಗೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ. ತಲೆ ನೆಟ್ಟಗೆ ನಿಂತಿತು. ನನ್ನ ಹೊಲಿಗೆಯ ಅಂಚು ಅವನ ಗದ್ದದ ಕೆಳಗೆ ಇತ್ತು. ಒಂದು ಎಳೆಯೂ ಬಿಚ್ಚಿರಲಿಲ್ಲ.

ಆಮೇಲೆ ಮಾಮಾ ಗರಡಿಮನೆಗೆ ಹೋಗಲಿಲ್ಲ. ಜೋಡ ಹಚ್ಚಲು ಕರೆಯಬಂದವರಿಗೆ ನೀರು ಕೊಟ್ಟು ಕಳಿಸುತ್ತಿದ್ದ. ರೊಟ್ಟಿ, ಕೊಡ ಯಾವುದನ್ನೂ ಎತ್ತಿ ನೋಡುತ್ತಿರಲಿಲ್ಲ. ಬೆರಳು ಮಾತ್ರ ಹಾಗೆಯೇ ಬಾಗಿದ್ದವು.

ಮುಂದಿನ ವರ್ಷ ಬೆಳಗಾವಿಗೆ ಬಂದು ಅವ್ವನ ಮುಂದೆ ಕೂತ. “ತಂಗಿ, ಈಕೀ ಜೋಡ ಮುರದಾವ ನಾನು. ನಾನ ಹಚ್ಚಿಕೊಡತೇನಿ” ಅಂದ. ಅವ್ವ ಬಾಯಿಗೆ ಸೆರಗು ಹಿಡಿದಳು. ಅವನು ಊರೂರು ತಿರುಗಿದ. ಕಿತ್ತೂರಿಗೆ ಹೋದ, ದೊಡವಾಡಕ್ಕೆ ಹೋದ. ವರ ನೋಡುವ ರೀತಿ ಒಂದೇ: ಮಾತಿಲ್ಲದೆ ಕೈ ಮುಂದೆ ಚಾಚುವುದು. ಕಡೆಗೆ ಸವದತ್ತಿಯ ಕನ್ನಡ ಶಾಲೆಯ ಮಾಸ್ತರರೊಬ್ಬರ ಸುದ್ದಿ ತಂದ.

“ಕೈ ಸಣ್ಣದೈತಿ,” ಅಂದ. “ಮಿಕ್ಕವರೆಲ್ಲಾ ನನ್ನ ಕೈ ಹಿಂಡಿ ನೋಡಿದ್ರು, ಪೈಲವಾನ ಅಂತ. ಇವ ಮುದಕಾ ಬಿದ್ದಾನು ಅಂತ ಹಿಡಕೊಂಡಾ, ಸಾಲಿ ಪಾವಟಿಗಿ ಇಳಿಯೂತನಕ ಬಿಡಲಿಲ್ಲ.”

ಅವ್ವ ಒಳಗೆ ಹೋದಾಗ ನಾನು ಕೇಳಿದೆ. ಬೇರೆ ಯಾರೂ ಅವನನ್ನು ಕೇಳಿರಲಿಲ್ಲ. “ಮಾಮಾ, ಅವತ್ತ ಕಣದಾಗ ನಿನಗ ಗೊತ್ತಾಗಿತ್ತೇನು, ಜೋಡ ಸರಿ ಇಲ್ಲಂತ?”

ಅವನು ತನ್ನ ಕೈ ನೋಡಿಕೊಂಡ. “ಎತ್ತಿದ ಕೂಡ್ಲೇ ಗೊತ್ತಾತವ್ವಾ. ಕೈ ಸುಳ್ಳ ಹೇಳಲಿಲ್ಲ. ಅವನಿಗೂ ಗೊತ್ತಿತ್ತು. ಒಂದ ಸಲ ತಡವರಿಸಿದ್ರ ಸಾಕಾಗಿತ್ತು, ನಾ ಬಿಡಸ್ತಿದ್ದೆ. ಅಪ್ಪನ ಮಾನಾ ನೋಡಿದ ಹುಚ್ಚ.” ಕೈಯನ್ನು ತೊಡೆಯ ಕೆಳಗೆ ಸರಿಸಿ, “ನನ್ನ ಮಾನಾ,” ಅಂದ. ಮತ್ತೆ ಆ ಮಾತು ಎತ್ತಲಿಲ್ಲ.

ಮದುವೆಯ ಹಂದರದಲ್ಲಿ ಐನಾರು ನಮ್ಮ ಕೈ ಕೂಡಿಸುವ ಮೊದಲು ಮಾಮಾ ನಡುವೆ ಬಂದು ನಿಂತ. ನನ್ನ ಮುಂಗೈ, ಮಾಸ್ತರರ ಮುಂಗೈ ಹಿಡಿದು ಕಣ್ಣು ಮುಚ್ಚಿದ. “ಜೋಡ ಸರಿ ಐತೇನ್ರಪಾ?”

“ಸರಿ ಐತ್ರಿ,” ಅಂದರು ನಮ್ಮವರು. ನನಗೆ ಮಾತು ಹೊರಡಲಿಲ್ಲ. ನಾಚಿಕೆ ಎಂದು ಹೆಂಗಸರು ನಕ್ಕರು. ಮಾಮಾ ನಗಲಿಲ್ಲ. ನಾನು ಇಲ್ಲವೆಂದರೆ ಅಷ್ಟು ಜನರ ಮುಂದೆ, ತಾನೇ ತಂದ ಸಂಬಂಧವನ್ನು, ಆ ಹಂದರದಲ್ಲೇ ಮುರಿಯಲು ಅವನು ತಯಾರಾಗಿದ್ದ. ಅದು ಆ ಹಿಡಿತದಲ್ಲೇ ನನಗೆ ತಿಳಿಯಿತು. ನಮ್ಮ ಕಾಲದಲ್ಲಿ ಹೆಣ್ಣನ್ನು ಯಾರು ಕೇಳುತ್ತಿದ್ದರು? ನನ್ನನ್ನು ಕೇಳಿದವನು ಅವನೊಬ್ಬ. ನಾನು ಸರಿ ಅಂದೆ. ಅಂದದ್ದು ಸುಳ್ಳಾಗಲಿಲ್ಲ. ನಮ್ಮವರು ಪಾವಟಿಗೆ ಇಳಿಯುವಾಗ ಈಗಲೂ ಕೈ ಹಿಡಿಯುತ್ತಾರೆ.

ಮಾಮಾ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂದಾಗ ಸವದತ್ತಿಯಿಂದ ಬಂಡಿ ಕಟ್ಟಿಸಿಕೊಂಡು ಇಬ್ಬರೂ ಹೋದೆವು. ಪಡಸಾಲೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕಕ್ಕೆ ಕೂತ ನನ್ನ ಮುಂಗೈಯನ್ನು ಬಲಗೈಯಿಂದ ತಡವಿ ಹಿಡಿದ. ಹಿಡಿತ ಸಡಿಲಾಗಿತ್ತು. ಹೆಬ್ಬೆರಳಿನ ಕಡೆ ಬಾಗಿಲು ತೆರೆದೇ ಇತ್ತು. ನಾನು ತಿರುವಲಿಲ್ಲ.

ಆಮೇಲೆ ಅವನ ಎಡಗೈ ಮೇಲೆದ್ದಿತು. ಅಲ್ಲಿ ಯಾರೂ ಇರಲಿಲ್ಲ. ಬರೀ ಗಾಳಿಯಲ್ಲಿ ಬೆರಳು ಬಾಗಿ ಒಂದು ಮುಂಗೈಯ ಅಳತೆಗೆ ನಿಂತವು. ಎರಡೂ ಕೈ ತುಸು ಮೇಲೆತ್ತಿ ಹಿಡಿದ. ತುಟಿ ಅಲುಗಿದವು, ಮಾತು ಬರಲಿಲ್ಲ. ಏನು ಕೇಳಿದನೆಂದು ನನಗೆ ಗೊತ್ತಿತ್ತು. ಕಾಲ ಬಳಿ ನಿಂತಿದ್ದ ನಮ್ಮವರಿಗೂ ಗೊತ್ತಾಯಿತು. ಅವರು ಚಪ್ಪಲಿ ಮೆಟ್ಟದೆ ಸುಮ್ಮನೆ ಅಂಗಳಕ್ಕೆ ನಡೆದರು.

ಮಾಮಾ ಕೈ ಇಳಿಸಲೊಲ್ಲ. ಕಾಯುತ್ತಿದ್ದ. ಪೇರಲಹಣ್ಣಿನ ಜಗಳದಿಂದಲೂ ನಮ್ಮಿಬ್ಬರಲ್ಲಿ ಮೊದಲು ಅನ್ನುವವನು ಆ ಹುಡುಗನೇ. ಅವನು ಅಂದು ಮುಗಿಸಿದ್ದ. ಉಳಿದದ್ದು ನನ್ನ ಸರದಿ.

“ಸರಿ ಐತಿ, ಮಾಮಾ,” ಅಂದೆ.

ಮಾಮಾ ಕೈ ಬಿಟ್ಟ.