ಹಿಮಸಾರಂಗ ಇಲ್ಲದ ಸಾಮಿ

೨೦೧೪ರ ಚಳಿಗಾಲದಲ್ಲಿ ಜಾನ್ಸನ್‌ವಿಲ್‌ನ ನಮ್ಮ ಮನೆಯ ಖಾಲಿ ರೂಮಿಗೆ ನಾರ್ವೆಯ ಉತ್ತರ ತುದಿಯಿಂದ ಒಬ್ಬ ಟೀಚರ್ ಬಾಡಿಗೆಗೆ ಬಂದರು. ಐವತ್ತು ದಾಟಿದ ಹೆಂಗಸು. ಸಾಮಿ ಜನಾಂಗದವರು ಎಂದಾಗ ನನ್ನ ಗಂಡ, "ಸಾಮಿ ಅಂದ್ರೆ ಯಾವ ಮಠದೋರಂತೆ?" ಎಂದಿದ್ದರು. ನಾರ್ವೆ, ಸ್ವೀಡನ್ನುಗಳು ಗಡಿ ಎಳೆಯುವ ಮೊದಲೇ ಆ ನೆಲದಲ್ಲಿದ್ದು, ಈಗ ಅಲ್ಲೇ ಅಲ್ಪಸಂಖ್ಯಾತರಾದವರು ಎಂದು ವಿವರಿಸಿದೆ.

ಹತ್ತಿರದ ಊರು ಪೊರಿರುವಾದ ಒಂದು ಶಿಶುವಿಹಾರದಲ್ಲಿ ಮಕ್ಕಳ ಜೊತೆ ಇಡೀ ದಿನ ಇಲ್ಲಿನ ಮೂಲನಿವಾಸಿಗಳ ಭಾಷೆ ಮಾವೊರಿಯಲ್ಲೇ ಮಾತಾಡುತ್ತಿದ್ದರು. ಅದನ್ನು ನೋಡಿ ಕಲಿತು, ತಮ್ಮೂರಲ್ಲೂ ಅಂಥದ್ದು ಶುರುಮಾಡಬೇಕೆಂದು ಟೀಚರ್ ಬಂದಿದ್ದರು. ಸಂಜೆ ಬಸ್ಸಿಳಿದು ಗುಡ್ಡ ಹತ್ತುವಷ್ಟರಲ್ಲಿ ಗಾಳಿಗೆ ಸುಸ್ತಾಗಿಬಿಡುತ್ತಿದ್ದರು. ನಾನೂ ಆಫೀಸಿನಿಂದ ಅದೇ ಸ್ಥಿತಿಯಲ್ಲಿ ಬಂದಿರುತ್ತಿದ್ದೆ. ಇಬ್ಬರೂ ಕೂತು ಸಾರನ್ನ ಉಣ್ಣುತ್ತಿದ್ದೆವು.

ಒಂದು ಶನಿವಾರ ಬಡಾವಣೆಯ ಹಾಲ್‌ನಲ್ಲಿ ಅವರ ಭಾಷಣವಿತ್ತು. ಬಾಗಿಲಲ್ಲಿ ಪೋಸ್ಟರ್: ಹಿಮ, ಸಾಮಿಗಳೆಲ್ಲ ಸಾಕುತ್ತಾರೆಂದು ಜನ ನಂಬಿರುವ ಹಿಮಸಾರಂಗ, ಬಣ್ಣಬಣ್ಣದ ಟೋಪಿಯ ಮುದುಕ. ಏರ್ಪಾಟು ಮಾಡಿದ್ದ ಹೆಂಗಸು, "ನಿಮ್ಮ ಡ್ರೆಸ್ ಹಾಕ್ಕೊಂಡು ಬರಲಿಲ್ವಾ? ಫೋಟೋಗೆ ಚೆನ್ನಾಗಿರೋದು" ಎಂದರು.

"ನನ್ನ ಹತ್ರ ಇಲ್ಲ."

ಇನ್ನೂ ಮಾತು ಶುರುವಾಗಿರಲಿಲ್ಲ, ಯಾರೋ ಕೇಳಿದರು: "ನಿಮ್ಮನೇಲಿ ಸಾರಂಗ ಎಷ್ಟಿವೆ?"

"ಒಂದೂ ಇಲ್ಲ. ನಮ್ಮಪ್ಪ ಮೀನು ಹಿಡೀತಿದ್ದರು. ನಮ್ಮಲ್ಲಿ ಹೆಚ್ಚಿನವರ ಹತ್ರ ಸಾರಂಗ ಇಲ್ಲ."

ಜನರ ಮುಖದಲ್ಲಿ ನಿರಾಸೆ ಕಂಡಿತು. ಟೀಚರ್ ಮುಂದುವರಿಸಿದರು. ಅವರ ತಾಯಿಯನ್ನು ಚಿಕ್ಕಂದಿನಲ್ಲೇ ವಸತಿಶಾಲೆಗೆ ಕಳಿಸಿದ್ದರಂತೆ. ಅಲ್ಲಿ ಸಾಮಿ ಮಾತಾಡಿದರೆ ಶಿಕ್ಷೆ. "ಮನೇಲಿ ದೊಡ್ಡವರು ಸಾಮಿಯಲ್ಲಿ ಮಾತಾಡ್ತಿದ್ದರು. ನಾನು ಬಾಗಿಲು ತೆಗೆದ ತಕ್ಷಣ ನಾರ್ವೀಜಿಯನ್. ನನ್ನ ಭಾಷೇನ ನಾನು ನಲವತ್ತರ ಮೇಲೆ ಕ್ಲಾಸಿಗೆ ಹೋಗಿ ಕಲಿತೆ."

ಮುಂದಿನ ಸಾಲಿನಲ್ಲಿದ್ದ ಮಾವೊರಿ ಅಜ್ಜಿಯೊಬ್ಬರು ಕೋಲೂರಿ ಎದ್ದರು. "ನಮ್ಮಮ್ಮನ ಕಥೇನೂ ಇದೇ" ಎಂದು ಹತ್ತಿರ ಬಂದು, ಮಾವೊರಿಗಳು ನಮಸ್ಕರಿಸುವ ರೀತಿಯಲ್ಲಿ ಟೀಚರ್ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ನಿಂತರು.

ಕಾರಿನಲ್ಲಿ ಟೀಚರ್ ಕಣ್ಣು ಮುಚ್ಚಿದರು. "ಎಲ್ಲಿ ಹೋದರೂ ಮೊದಲು ಸಾರಂಗ ಇಲ್ಲ ಅಂತ ಹೇಳಬೇಕು. ಹೇಳಿ ಹೇಳಿ ಸಾಕಾಗಿದೆ."

ನಾನು ಹೀಟರ್ ಹೆಚ್ಚಿಸಿದೆ.

ಊರಿಗೆ ಮರಳಿ ಅವರು ಶಿಶುವಿಹಾರ ತೆರೆದರು. ಮಕ್ಕಳು ಬೆರಳೆಣಿಕೆಯಷ್ಟು. ಎರಡು ವರ್ಷದ ನಂತರ ಫೋನಿನಲ್ಲಿ, ತಾಯಿ ದಿನಾ ಬಂದು ಮಕ್ಕಳ ಜೊತೆ ಕೂರುತ್ತಾರೆ ಎಂದರು.

"ಮಕ್ಕಳ ಹತ್ರ ಸಾಮಿಯಲ್ಲೇ ಹರಟುತ್ತಾಳೆ. ನನ್ನ ಹತ್ರ ಮಾತ್ರ ಇನ್ನೂ ನಾರ್ವೀಜಿಯನ್ನೇ."

"ಕೇಳಲಿಲ್ವಾ, ಯಾಕೆ ಅಂತ?"

"ಇಲ್ಲ. ಪಕ್ಕದ ಕೋಣೇಲಿ ಕೂತು ಕೇಳಿಸ್ಕೋತೀನಿ."